ಅಂಗಿ ಜೇಬಿನಲ್ಲಿ ಸಿಕ್ಕ ಮಾತ್ರೆ

(ಹೆಸರು, ಊರು, ಗುರುತು ಸಿಗುವ ವಿವರಗಳನ್ನು ಬದಲಿಸಿದೆ.)

ದಾಂಪತ್ಯದ ಸಮಸ್ಯೆಗೆ ಸಲಹೆ ಕೇಳಿ ಮೊದಲು ಬಂದವರು ಗಿರಿಜಮ್ಮ, ಒಬ್ಬರೇ. ವಯಸ್ಸು 47. ಗಂಡನ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ನಾಲ್ಕು ಮಾತ್ರೆಯ ಒಂದು ಸ್ಟ್ರಿಪ್ ಸಿಕ್ಕಿತ್ತು. ಎರಡು ಮಾತ್ರೆ ಖಾಲಿ, ಎರಡು ಉಳಿದಿದ್ದವು. ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಅಕ್ಕನ ಮಗ ಅದು ಗಂಡಸರು ನಿಮಿರುವಿಕೆಗೆಂದು ನುಂಗುವ ಮಾತ್ರೆ ಎಂದು ಹೇಳಿದ್ದ. ‘ಎರಡು ವರ್ಷದಿಂದ ನಮ್ಮ ಯಜಮಾನ್ರು ನನ್ನ ಹತ್ರ ಬಂದಿಲ್ಲ ಮೇಡಂ. ಹಂಗಿದ್ಮೇಲೆ ಈ ಮಾತ್ರೆ ಯಾರಿಗೆ?’ ಅವರು ಕೇಳಿದ್ದು ಇಷ್ಟೇ. ಅಷ್ಟರಲ್ಲೇ ಮಲಗುವುದನ್ನು ಮಗಳ ಕೋಣೆಗೆ ಬದಲಾಯಿಸಿಕೊಂಡಿದ್ದರು.

ಅವರಿಗೆ ಕೊಟ್ಟ ಸಲಹೆ: ಸ್ಟ್ರಿಪ್ ಮುಂದಿಟ್ಟು ಜಗಳಕ್ಕೆ ನಿಲ್ಲಬೇಡಿ. ‘ನಿಮ್ಮ ಆರೋಗ್ಯದ ವಿಚಾರ, ಒಂದು ಸಲ ಹೋಗಿ ಬನ್ನಿ’ ಎಂದಷ್ಟೇ ಹೇಳಿ ಕಳಿಸಿ. ಬರುವಾಗ ದಿನಾ ನುಂಗುವ ಎಲ್ಲ ಮಾತ್ರೆಗಳನ್ನೂ ಕವರಿನಲ್ಲಿ ಹಾಕಿಕೊಡಿ.

ವೀರೇಶಪ್ಪನವರಿಗೆ 52. ಅಡಿಕೆ ವ್ಯಾಪಾರ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ದಿನಕ್ಕೆ ಎಂಟು ಹತ್ತು ಪೊಟ್ಟಣ ಗುಟ್ಕಾ. ಬಹಳ ಹೊತ್ತು ಮಂಡಿ, ರೇಟು, ಮಗಳ ಓದು ಎಂದೇ ಮಾತಾಡಿದರು. ಕೊನೆಗೆ ತಲೆ ತಗ್ಗಿಸಿ ಹೇಳಿದರು: ಮಾತ್ರೆ ತಂದಿದ್ದು ಹೆಂಡತಿಗಾಗಿಯೇ. ಎರಡು ರಾತ್ರಿ ನುಂಗಿ ಕಾದರು, ಏನೂ ಆಗಲಿಲ್ಲ. ಹೆಂಡತಿ ಮಲಗಿದ್ದ ಕೋಣೆಯ ಬಾಗಿಲವರೆಗೂ ಹೋಗಲಿಲ್ಲ. ‘ನನ್ನ ಕಾಲ ಮುಗೀತು ಅಂದ್ಕೊಂಡೆ.’

ಇಂಥ ಪ್ರಕರಣದಲ್ಲಿ ಮೊದಲು ಕೇಳುವುದು ನಾಲ್ಕೈದು ನೇರ ಪ್ರಶ್ನೆ. ತೊಂದರೆ ದಿಢೀರೆಂದು ಶುರುವಾಯಿತೇ, ನಿಧಾನವಾಗಿ ಹೆಚ್ಚಿತೇ? ಬೆಳಗಿನ ಜಾವ ಎಚ್ಚರವಾದಾಗ ನಿಮಿರುವಿಕೆ ಇರುತ್ತದೆಯೇ? ಒಬ್ಬರೇ ಇದ್ದಾಗ, ಹಸ್ತಮೈಥುನದ ಹೊತ್ತಿನಲ್ಲಿ ಹೇಗೆ? ಆಸೆಯೇ ಹೋಗಿದೆಯೋ, ಆಸೆಯಿದ್ದೂ ದೇಹ ಸ್ಪಂದಿಸುತ್ತಿಲ್ಲವೋ? ಆರೋಗ್ಯವಂತ ಗಂಡಸಿಗೆ ನಿದ್ದೆಯಲ್ಲಿ ರಾತ್ರಿಗೆ ಮೂರರಿಂದ ಐದು ಸಲ ತಾನಾಗಿ ನಿಮಿರುತ್ತದೆ. ಅದು ಸರಿಯಾಗಿದ್ದು, ಹೆಂಡತಿಯ ಜೊತೆ ಮಾತ್ರ ಆಗದಿದ್ದರೆ ಭಯ, ಒತ್ತಡ, ಮನಸ್ತಾಪದ ಕಡೆ ನೋಡಬೇಕು. ನಿದ್ದೆಯಲ್ಲೂ ಇಲ್ಲ, ಒಬ್ಬರೇ ಇದ್ದಾಗಲೂ ಇಲ್ಲ, ನಿಧಾನವಾಗಿ ಕಡಿಮೆಯಾಗುತ್ತ ಬಂದಿದೆ ಎಂದರೆ ರಕ್ತನಾಳ, ನರ, ಹಾರ್ಮೋನುಗಳನ್ನು ಅನುಮಾನಿಸಬೇಕು. ಇವರದು ಎರಡನೆಯದು. ಆಸೆ ಇತ್ತು, ಬೆಳಗಿನ ನಿಮಿರುವಿಕೆ ನಿಂತು ವರ್ಷ ದಾಟಿತ್ತು.

ಆಮೇಲೆ ಕವರಿನಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಸುರಿದದ್ದಾಯಿತು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಗಳು, ಬಿಪಿಗೆ ಅಟೆನೊಲಾಲ್. ಜೇಬಿನಲ್ಲಿ ಸಿಕ್ಕ ಸಿಲ್ಡೆನಾಫಿಲ್ 100 ಮಿಲಿಗ್ರಾಂ. ಅದರ ಪಕ್ಕದಲ್ಲೇ ಪುಟ್ಟ ಮಾತ್ರೆಗಳ ಇನ್ನೊಂದು ಸ್ಟ್ರಿಪ್: ಐಸೊಸಾರ್ಬೈಡ್ ಡೈನೈಟ್ರೇಟ್ 5 ಮಿಲಿಗ್ರಾಂ. ‘ಇದು ಎದೆ ಹಿಡಿದಾಗ ನಾಲಿಗೆ ಕೆಳಗಿಡೋದಕ್ಕೆ. ಮಹಡಿ ಹತ್ತುವಾಗ ಒಂದು ಸಲ ಬಿಗಿ ಬಂತು, ಡಾಕ್ಟ್ರು ಕೊಟ್ಟಿದ್ರು. ಓಡೋ ಪಟ್ಟಿ ಮೇಲೆ ನಡೆಸಿ ಹೃದಯ ನೋಡೋ ಟಿಎಂಟಿ ಮಾಡಿಸಿ ಅಂದಿದ್ರು, ಸೀಸನ್ ಇತ್ತು, ಆಗಲಿಲ್ಲ.’

ಈ ಎರಡು ಸ್ಟ್ರಿಪ್ ಒಂದೇ ಕವರಿನಲ್ಲಿರುವುದು ಜೀವಕ್ಕೆ ಅಪಾಯ. ಎದೆನೋವಿಗೆ ಕೊಟ್ಟ ಆ ನೈಟ್ರೇಟ್ ಮಾತ್ರೆ ರಕ್ತನಾಳಗಳನ್ನು ಸಡಿಲಿಸುತ್ತದೆ. ಸಿಲ್ಡೆನಾಫಿಲ್ ಆ ಸಡಿಲಿಕೆ ಇಳಿಯದಂತೆ ತಡೆಯುತ್ತದೆ. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿದು ಪ್ರಜ್ಞೆ ತಪ್ಪಬಹುದು, ಹೃದಯಾಘಾತವೂ ಆಗಬಹುದು. ಸಿಲ್ಡೆನಾಫಿಲ್ ನುಂಗಿದ ಮೇಲೆ ಕನಿಷ್ಠ 24 ಗಂಟೆ, ಅದೇ ಬಗೆಯ ಟಡಾಲಾಫಿಲ್ ನುಂಗಿದರೆ 48 ಗಂಟೆ ನೈಟ್ರೇಟ್ ಮುಟ್ಟುವಂತಿಲ್ಲ. ಅಷ್ಟರೊಳಗೆ ಎದೆನೋವು ಬಂದರೆ ನಾಲಿಗೆ ಕೆಳಗೆ ಏನನ್ನೂ ಇಡದೆ 108ಕ್ಕೆ ಕರೆ ಮಾಡಬೇಕು. ಬಂದವರಿಗೆ ‘ಇಂಥ ಮಾತ್ರೆ ಇಷ್ಟು ಗಂಟೆಗೆ ತಗೊಂಡಿದ್ದೆ’ ಎಂದು ನಾಚಿಕೆ ಬಿಟ್ಟು ಹೇಳಬೇಕು. ಸಿಲ್ಡೆನಾಫಿಲ್ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿ. ಆದರೂ ಕೌಂಟರಿನಲ್ಲಿ ಕೈಗೆ ಬರುತ್ತದೆ. ಎದೆನೋವಿಗೆ ಏನಾದರೂ ತಗೊಳ್ತೀರಾ ಎಂದು ಇವರನ್ನು ಯಾರೂ ಕೇಳಿರಲಿಲ್ಲ. ಬರೀ ಗಿಡಮೂಲಿಕೆ ಎಂದು ಮಾರುವ ‘ಪವರ್’ ಪುಡಿ, ಕ್ಯಾಪ್ಸೂಲುಗಳಲ್ಲೂ ಇದೇ ಔಷಧಿಯನ್ನು ಗುಟ್ಟಾಗಿ ಬೆರೆಸಿರುವುದನ್ನು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತೆ ಮತ್ತೆ ಪತ್ತೆಹಚ್ಚಿ ಎಚ್ಚರಿಸಿದೆ. ಹೃದ್ರೋಗಿಗಳು ಅವನ್ನೂ ದೂರವಿಡಬೇಕು.

ಉಳಿದ ಎರಡು ಮಾತ್ರೆಗಳನ್ನು ಅಲ್ಲೇ ಬಿಟ್ಟು ಹೋಗಲು ವೀರೇಶಪ್ಪ ಒಪ್ಪಿದರು. ದಾಂಪತ್ಯದ ಮಾತು ಮುಂದಿನ ವಾರ, ಹೃದಯದ ವೈದ್ಯರು ನಾಳೆಯೇ ಎಂದು ತೀರ್ಮಾನವಾಯಿತು. ಇದಕ್ಕೆ ಕಾರಣವಿದೆ. ಶಿಶ್ನಕ್ಕೆ ರಕ್ತ ಒಯ್ಯುವ ಅಪಧಮನಿಯ ಅಗಲ ಒಂದೆರಡು ಮಿಲಿಮೀಟರ್, ಹೃದಯದ ಅಪಧಮನಿಗಳದು ಮೂರ್ನಾಲ್ಕು. ಒಳಗೋಡೆಗೆ ಕೊಬ್ಬು ಕಟ್ಟುವ ಕಾಯಿಲೆ ಇಡೀ ಮೈಯಲ್ಲಿ ಒಟ್ಟಿಗೇ ನಡೆಯುತ್ತಿದ್ದರೂ ಸಣ್ಣ ನಾಳದಲ್ಲಿ ಮೊದಲು ಗೊತ್ತಾಗುತ್ತದೆ. ಹಾಗಾಗಿ ನಿಮಿರು ದೌರ್ಬಲ್ಯ ಎಷ್ಟೋ ಜನರಲ್ಲಿ ಎದೆನೋವಿಗಿಂತ ಎರಡರಿಂದ ಐದು ವರ್ಷ ಮುಂಚೆ ಕಾಣಿಸಿಕೊಳ್ಳುತ್ತದೆ. ನಲವತ್ತು ದಾಟಿದ ಗಂಡಸು, ಅದರಲ್ಲೂ ಸಕ್ಕರೆ ಕಾಯಿಲೆಯವರು, ಇದನ್ನು ಗಂಡಸ್ತನದ ಪ್ರಶ್ನೆ ಎಂದು ಮುಚ್ಚಿಟ್ಟರೆ ಹೃದಯ ಕೊಡುವ ಮುನ್ಸೂಚನೆಯನ್ನೇ ಮುಚ್ಚಿಟ್ಟಂತೆ. ಮರ್ಯಾದೆ ಹೋಗುತ್ತದೆಂದು ಸುಮ್ಮನಿದ್ದು ಜೀವವನ್ನೇ ಕಳೆದುಕೊಳ್ಳುವುದು ನ್ಯಾಯವೇ?

ಮಾಡಿಸಲು ಹೇಳಿದ ಪರೀಕ್ಷೆಗಳು: ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ, ಕೊಲೆಸ್ಟರಾಲ್, ಕಿಡ್ನಿ, ಥೈರಾಯ್ಡ್. ಜೊತೆಗೆ ಗಂಡಸಿನ ಹಾರ್ಮೋನು ಟೆಸ್ಟೋಸ್ಟಿರೋನ್. ಅದು ಬೆಳಗ್ಗೆ ಹೆಚ್ಚು, ಸಂಜೆ ಕಡಿಮೆ. ಅದಕ್ಕೇ ರಕ್ತವನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಡಬೇಕು. ಡೆಸಿಲೀಟರಿಗೆ 300 ನ್ಯಾನೊಗ್ರಾಂಗಿಂತ ಕಡಿಮೆ ಬಂದರೆ ಬೇರೊಂದು ದಿನ ಮತ್ತೆ ನೋಡದೆ ಹಾರ್ಮೋನಿನ ಚುಚ್ಚುಮದ್ದಿಗೆ ಹೋಗಬಾರದು. ಇವರದು 410 ಬಂತು, ಆ ಚಿಂತೆ ಬಿಟ್ಟಿತು. ಎಚ್‌ಬಿಎ1ಸಿ ಮಾತ್ರ 9.4, ಅಂದರೆ ಸಕ್ಕರೆ ಹತೋಟಿ ತಪ್ಪಿತ್ತು. ಅಟೆನೊಲಾಲ್ ಕೆಲವರಲ್ಲಿ ನಿಮಿರುವಿಕೆಯನ್ನು ಕುಗ್ಗಿಸುತ್ತದೆ. ಹಾಗೆಂದು ತಾವೇ ನಿಲ್ಲಿಸಿದರೆ ಎದೆನೋವು ಉಲ್ಬಣಿಸಬಹುದು. ಬದಲಿ ಇದೆಯೇ ಎಂದು ವೈದ್ಯರನ್ನು ಕೇಳಬೇಕು, ಅಷ್ಟೇ.

ಟಿಎಂಟಿಯಲ್ಲಿ ತೊಂದರೆ ಕಂಡಿತು. ಆಂಜಿಯೋಗ್ರಾಂ ಆಗಿ ಒಂದು ನಾಳಕ್ಕೆ ಸ್ಟೆಂಟ್ ಹಾಕಿದರು.

ಆಸ್ಪತ್ರೆಯಿಂದ ಬಂದ ಎರಡು ತಿಂಗಳಿಗೆ ಗಂಡ ಹೆಂಡತಿ ಜೊತೆಯಾಗಿ ಬಂದರು. ಮಾತ್ರೆಯ ವಿಷಯವನ್ನು ವೀರೇಶಪ್ಪ ಆಗಲೇ ಮನೆಯಲ್ಲಿ ಬಾಯಿಬಿಟ್ಟು ಹೇಳಿದ್ದರು. ಗಿರಿಜಮ್ಮನಿಗೆ ಈಗ ಬೇರೆಯದೇ ದಿಗಿಲು: ‘ಅವರಿಗೆ ಏನಾದ್ರೂ ಆಗಿಬಿಟ್ರೆ?’ ಎರಡು ಮಹಡಿಯನ್ನು ಏದುಸಿರಿಲ್ಲದೆ, ಎದೆನೋವಿಲ್ಲದೆ ಬಿರುಸಾಗಿ ಹತ್ತಬಲ್ಲವರ ಹೃದಯ ಸಾಮಾನ್ಯವಾಗಿ ಸಂಭೋಗದ ಶ್ರಮವನ್ನು ತಾಳುತ್ತದೆ. ಇವರಿಗೆ ಹೃದಯದ ವೈದ್ಯರೂ ಅನುಮತಿ ಕೊಟ್ಟಿದ್ದರು. ಗಿರಿಜಮ್ಮನ ಕಡೆಯದೂ ಒಂದು ಮಾತಿತ್ತು. ಮುಟ್ಟು ನಿಲ್ಲುವ ಕಾಲದ ಒಣಗುವಿಕೆಯಿಂದ ಮುಂಚೆಯೇ ಕೂಡುವಾಗ ಉರಿ, ನೋವು ಇತ್ತು. ಅದನ್ನು ಗಂಡನಿಗೆ ಹೇಳಿರಲಿಲ್ಲ. ಹೆಂಡತಿ ಹಿಂದೆ ಸರಿದದ್ದನ್ನು ಗಂಡ ಬೇಸರವೆಂದು ತಿಳಿದರು, ಗಂಡ ದೂರವಾದದ್ದನ್ನು ಹೆಂಡತಿ ಮೋಸವೆಂದು ತಿಳಿದರು. ನೀರಿನಂಶದ ಜಾರುಕ ಜೆಲ್ ಬಳಸಲು ಹೇಳಿ, ಸ್ತ್ರೀರೋಗ ತಜ್ಞರ ಬಳಿ ಕಳಿಸಿದ್ದಾಯಿತು.

ಇಬ್ಬರಿಗೂ ಕೊಟ್ಟ ಮನೆಪಾಠ ಸ್ಪರ್ಶದ ಅಭ್ಯಾಸ. ವಾರಕ್ಕೆ ಎರಡು ದಿನ, ಅರ್ಧ ಗಂಟೆ, ಮೊಬೈಲ್ ಹೊರಗೆ. ಮೊದಲ ಎರಡು ವಾರ ಒಬ್ಬರಾದ ಮೇಲೆ ಒಬ್ಬರು ಬೆನ್ನು, ಕೈ, ಕಾಲು, ತಲೆ ಸವರುವುದು. ಎದೆ, ಜನನಾಂಗ ಮುಟ್ಟುವಂತಿಲ್ಲ. ಮುಂದಿನ ಎರಡು ವಾರ ಅವನ್ನೂ ಮುಟ್ಟಬಹುದು, ಸಂಭೋಗ ಮಾತ್ರ ಬೇಡ. ನಿಮಿರಿದರೂ ಹಾಗೇ ಇಳಿಯಲು ಬಿಡಬೇಕು. ಇಳಿದದ್ದು ಮತ್ತೆ ಬರುತ್ತದೆ ಎಂಬುದನ್ನು ದೇಹವೇ ಕಲಿಯಬೇಕು. ‘ಈಗ ಆಗುತ್ತೋ ಇಲ್ಲವೋ’ ಎಂದು ತನ್ನನ್ನೇ ಪರೀಕ್ಷೆಗೆ ಒಡ್ಡಿಕೊಳ್ಳುವವನ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಅದು ಶಿಶ್ನದ ನಾಳಗಳನ್ನು ಬಿಗಿಸುತ್ತದೆ. ಸಂಭೋಗವನ್ನೇ ಬೇಡವೆಂದಾಗ ಆ ಪರೀಕ್ಷೆಯೇ ಇರುವುದಿಲ್ಲ. ಇಲ್ಲಿ ಹೆಚ್ಚಿನ ದಂಪತಿಗಳು ಎಡವುವುದು ಮೊದಲ ವಾರವೇ ಉತ್ಸಾಹದಲ್ಲಿ ಕಟ್ಟು ಮೀರಿ, ಸೋತು, ಅಭ್ಯಾಸವನ್ನೇ ಬಿಟ್ಟುಬಿಡುವುದರಲ್ಲಿ.

ಇದರ ಜೊತೆ ವೀರೇಶಪ್ಪನವರಿಗೆ ವೈದ್ಯರ ಒಪ್ಪಿಗೆಯ ಮೇಲೆ ವಾರಕ್ಕೆ ನಾಲ್ಕು ದಿನ 40 ನಿಮಿಷದ ಬಿರುಸು ನಡಿಗೆ. ಜೊತೆಗೆ ವಸ್ತಿಕುಹರದ ಸ್ನಾಯುಗಳಿಗೆ ವ್ಯಾಯಾಮ: ಹೂಸು ತಡೆಯುವಾಗ ಬಿಗಿಯುವ ಸ್ನಾಯುವನ್ನು ಐದು ಸೆಕೆಂಡ್ ಬಿಗಿಹಿಡಿದು ಐದು ಸೆಕೆಂಡ್ ಬಿಡಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ಪೃಷ್ಠ ಬಿಗಿಯಬಾರದು, ಉಸಿರು ಕಟ್ಟಬಾರದು. ಮೂರು ತಿಂಗಳು ಮಾಡದೆ ಫಲ ಕೇಳಬಾರದು.

ಆರನೇ ತಿಂಗಳಿಗೆ ಎಚ್‌ಬಿಎ1ಸಿ 7.3ಕ್ಕೆ ಇಳಿದಿತ್ತು. ಹೃದಯದ ವೈದ್ಯರು ನೈಟ್ರೇಟನ್ನು ಪೂರ್ತಿ ನಿಲ್ಲಿಸಿದ ಮೇಲೆಯೇ, ಅವರದೇ ಚೀಟಿಯಲ್ಲಿ, ಸಿಲ್ಡೆನಾಫಿಲ್ 50 ಮಿಲಿಗ್ರಾಂ ಬರೆದರು. ಹಿಂದೆ ಅದು ಏಕೆ ಸೋತಿತ್ತೆಂದು ಆಗ ಬಿಡಿಸಿ ಹೇಳಿದ್ದಾಯಿತು. ಎರಡು ರಾತ್ರಿಯೂ ಮಟನ್ ಊಟ, ಎರಡು ಪೆಗ್ ಆದ ಮೇಲೆ ನುಂಗಿ ಟಿವಿ ಮುಂದೆ ಕೂತಿದ್ದರು. ಜಿಡ್ಡಿನ ಊಟ ಮಾತ್ರೆಯನ್ನು ತಡಮಾಡುತ್ತದೆ, ಮದ್ಯ ನಿಮಿರುವಿಕೆಯನ್ನು ಕುಗ್ಗಿಸುತ್ತದೆ. ಎಲ್ಲಕ್ಕಿಂತ ಮುಖ್ಯ, ಸ್ಪರ್ಶ, ಉದ್ರೇಕ ಇಲ್ಲದೆ ಆ ಮಾತ್ರೆ ಕೆಲಸವನ್ನೇ ಮಾಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಅಥವಾ ಹಗುರ ಊಟದ ಮೇಲೆ, ಒಂದು ಗಂಟೆ ಮುಂಚೆ, ದಿನಕ್ಕೆ ಒಂದೇ. ಆರೆಂಟು ಸಲ ಸರಿಯಾಗಿ ಬಳಸಿ ನೋಡದೆ ಫಲಿಸಲಿಲ್ಲ ಎನ್ನಬಾರದು. ನಿಮಿರುವಿಕೆ ನಾಲ್ಕು ಗಂಟೆ ಮೀರಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ನೈಟ್ರೇಟ್ ಬಿಡಲಾಗದವರಿಗೆ ಗಾಳಿ ಹೀರಿ ಶಿಶ್ನಕ್ಕೆ ರಕ್ತ ಎಳೆಯುವ ವ್ಯಾಕ್ಯೂಮ್ ಪಂಪ್ ಇದೆ. ರಕ್ತ ಹಿಡಿದಿಡಲು ಬುಡಕ್ಕೆ ಹಾಕುವ ಅದರ ರಿಂಗನ್ನು 30 ನಿಮಿಷದೊಳಗೆ ತೆಗೆಯಬೇಕು. ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಬಳಸುವ ಮುಂಚೆ ವೈದ್ಯರನ್ನು ಕೇಳಬೇಕು.

ಗಿರಿಜಮ್ಮ ಕೋಣೆಗೆ ಮರಳಿದ್ದಾರೆ. ನಾಲ್ಕು ಸಲದಲ್ಲಿ ಮೂರು ಸಲ ಸರಿಯಾಗುತ್ತಿದೆ, ಆಗದ ದಿನ ಇಬ್ಬರೂ ಅದನ್ನು ದೊಡ್ಡದು ಮಾಡುವುದಿಲ್ಲ. ಗುಟ್ಕಾ ಮಾತ್ರ ದಿನಕ್ಕೆ ಎರಡು ಪೊಟ್ಟಣದಲ್ಲಿ ನಿಂತಿದೆ. ನಿಕೋಟಿನ್ ನಾಳಗಳನ್ನು ಬಿಗಿಸುವುದರಿಂದ ಸ್ಟೆಂಟ್ ಹಾಕಿಸಿಕೊಂಡವರಿಗೆ ಆ ಎರಡೂ ಹೆಚ್ಚೇ. ಮುಂದಿನ ಭೇಟಿಗೆ ತಂಬಾಕು ಬಿಡಿಸುವ ವೈದ್ಯರೂ ಜೊತೆಗಿರುತ್ತಾರೆ.