‘ಎಲ್ಲ ಒಂದೇ’ ಅಂದಮೇಲೆ ಮಾತಾಡುವುದೇನು?

ಪ್ರಶ್ನೆ: ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಹೋದಾಗ ಒಬ್ಬ ಭಿಕ್ಷುವಿನ ಹತ್ತಿರ, ‘ನೀವು ಹೇಳೋದೂ ನಾವು ಹೇಳೋದೂ ಒಂದೇ ಅಲ್ವಾ? ಎಲ್ಲರೊಳಗೂ ಇರೋದು ಅದೇ ಆತ್ಮ’ ಎಂದೆ. ಅವರು ನಕ್ಕು ‘ಅಲ್ಲ’ ಎಂದುಬಿಟ್ಟರು. ನಾನು ತಪ್ಪು ಮಾತಾಡಿದೆನೇ? ಬೇರೆ ಬೇರೆ ದರ್ಶನಗಳನ್ನು ಹೋಲಿಸಿ ನೋಡುವ ತೌಲನಿಕ ತತ್ವಶಾಸ್ತ್ರದಿಂದ ಇಂಥಲ್ಲಿ ಏನಾದರೂ ಪ್ರಯೋಜನವಿದೆಯೇ?
– ಓದುಗರು, ಶಿರಸಿ

ಉತ್ತರ: ತಪ್ಪೇನಿಲ್ಲ, ಅವಸರ ಮಾಡಿದಿರಿ. ನಿತ್ಯವಾದ ಆತ್ಮ ಇಲ್ಲ ಎನ್ನುವುದೇ ಬೌದ್ಧರ ಅಡಿಗಲ್ಲು. ಅದನ್ನು ಬದಿಗೆ ಸರಿಸಿ ‘ಒಂದೇ’ ಎಂದರೆ ಸೌಜನ್ಯವೇನೋ ಆಯಿತು, ಎದುರಿನವರ ಮಾತು ಕೇಳಿದಂತಾಗಲಿಲ್ಲ.

ಮುಂದಿನ ಸಲ ಅಲ್ಲಿನ ಡ್ರೆಪುಂಗ್ ಅಥವಾ ಗಾಂದೆನ್ ಮಠದಲ್ಲಿ ವಾದ ನಡೆಯುವ ಹೊತ್ತಿಗೆ ಹೋಗಿ. ಉತ್ತರಿಸುವವರು ನೆಲದ ಮೇಲೆ ಕುಳಿತಿರುತ್ತಾರೆ. ಕೇಳುವವರು ನಿಂತು, ಪ್ರಶ್ನೆ ಮುಗಿಯುತ್ತಲೇ ಕಾಲು ಅಪ್ಪಳಿಸಿ ಚಪ್ಪಾಳೆ ಹೊಡೆಯುತ್ತಾರೆ. ಜಗಳವೇ ಬಿತ್ತೇನೋ ಅನಿಸಬೇಕು. ಅಲ್ಲಿ ‘ಖ್ಯಾಬ್‌ಪಾ’ ಎಂಬ ಪದ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಅದು ಬೇರೇನಲ್ಲ, ನಮ್ಮ ತರ್ಕಪಾಠದ ‘ವ್ಯಾಪ್ತಿ’. ಹೊಗೆಯಿದ್ದಲ್ಲೆಲ್ಲ ಬೆಂಕಿ ಎಂಬ ಅದೇ ವ್ಯಾಪ್ತಿ, ಎಂದರೆ ಒಂದು ಇದ್ದಲ್ಲೆಲ್ಲ ಇನ್ನೊಂದು ಇದ್ದೇ ಇರುತ್ತದೆ ಎಂಬ ನಿಯಮ. ಬೌದ್ಧ ತಾರ್ಕಿಕರಾದ ದಿಙ್ನಾಗ, ಧರ್ಮಕೀರ್ತಿಯರ ಕಡೆಯವರೂ ಆತ್ಮವನ್ನು ಒಪ್ಪುವ ನ್ಯಾಯದರ್ಶನದ ನೈಯಾಯಿಕರೂ ಶತಮಾನಗಟ್ಟಲೆ ಇದರ ಮೇಲೆ ಕಾದಾಡಿದ್ದಾರೆ. ಆತ್ಮದ ವಿಷಯದಲ್ಲಿ ದೂರ, ವಾದದ ಕಟ್ಟಿನಲ್ಲಿ ದಾಯಾದಿಗಳು. ನಂಟು ನೀವು ಹುಡುಕಿದಲ್ಲಿ ಇರಲಿಲ್ಲ, ಅಷ್ಟೇ.

ಪದ ಒಂದೇ ಇದ್ದು ಅರ್ಥ ಬೇರೆಯಾಗುವುದೂ ಉಂಟು. ನಿಮ್ಮ ಹತ್ತಿರದ ಸೋಂದೆಯಲ್ಲೇ ಅದ್ವೈತದ ಸ್ವರ್ಣವಲ್ಲಿ, ದ್ವೈತದ ವಾದಿರಾಜ ಮಠ, ಜೈನ ಮಠ ಮೂರೂ ಇವೆ. ಜೈನರಲ್ಲಿ ‘ಧರ್ಮ’ ಎಂಬುದು ಒಂದು ದ್ರವ್ಯದ ಹೆಸರೂ ಹೌದು. ಚಲಿಸುವುದಕ್ಕೆ ಆಸರೆಯಾಗುವ ದ್ರವ್ಯ ಅದು. ಅದಕ್ಕೆ ಕೊಡುವ ಉದಾಹರಣೆ ಕಾರವಾರದವರಿಗೆ ಬಿಡಿಸಿ ಹೇಳಬೇಕಿಲ್ಲ: ನೀರು ಮೀನನ್ನು ತಳ್ಳುವುದಿಲ್ಲ, ನೀರಿಲ್ಲದೆ ಮೀನು ಈಜುವುದೂ ಇಲ್ಲ. ಬೌದ್ಧರ ತತ್ವವಿಶ್ಲೇಷಣೆಯ ಗ್ರಂಥಗಳಾದ ಅಭಿಧರ್ಮದಲ್ಲಿ ‘ಧರ್ಮಗಳು’ ಎಂದರೆ ಅನುಭವವನ್ನು ಬಿಡಿಸಿದಾಗ ಸಿಗುವ ಬಿಡಿ ಅಂಶಗಳು. ಜೈನರು, ಬೌದ್ಧರು, ನಾವು ಮೂವರೂ ‘ಧರ್ಮ, ಧರ್ಮ’ ಎಂದು ತಲೆಯಾಡಿಸಿ ಎದ್ದುಹೋಗಬಹುದು, ಯಾರಿಗೂ ಯಾರ ಮಾತೂ ತಿಳಿಯದೆ!

1983ರಲ್ಲಿ ಪುಣೆಯಲ್ಲಿ ತತ್ವಶಾಸ್ತ್ರಜ್ಞ ದಯಾಕೃಷ್ಣ ಮತ್ತವರ ಸಂಗಡಿಗರು ಇಂಗ್ಲಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್‌ನ ‘ಪ್ರಪೊಸಿಷನ್’ (ನಿಜವೋ ಸುಳ್ಳೋ ಆಗಬಲ್ಲ ಹೇಳಿಕೆ) ವಿಚಾರವನ್ನು ಸಂಸ್ಕೃತದಲ್ಲಿ ಪಂಡಿತರ ಮುಂದಿಟ್ಟರು. ನ್ಯಾಯಶಾಸ್ತ್ರದಲ್ಲಿ ನಿಜ–ಸುಳ್ಳು ಎನ್ನುವುದು ಹೇಳಿಕೆಗಲ್ಲ, ಜ್ಞಾನಕ್ಕೆ ಸೇರಿದ್ದು, ಹಾಗಾಗಿ ಪದ ಹುಡುಕುವುದರಲ್ಲೇ ವಾದ ಶುರು. ನನ್ನ ಲೆಕ್ಕದಲ್ಲಿ ತೌಲನಿಕ ತತ್ವಶಾಸ್ತ್ರದ ಅಸಲು ಕೆಲಸ ಅದೇ.

ಆ ಭಿಕ್ಷುವನ್ನು ಮತ್ತೆ ಕಂಡರೆ, ‘ಆತ್ಮವಿಲ್ಲದಿದ್ದರೆ ಮರುಜನ್ಮ ಯಾರದ್ದು?’ ಎಂದು ಕೇಳಿ. ಬಹುಶಃ ದೀಪದಿಂದ ದೀಪ ಹಚ್ಚುವ ಹಳೆಯ ಉದಾಹರಣೆ ಬಂದೀತು: ಉರಿ ಮುಂದುವರಿಯುತ್ತದೆ, ದಾಟಿಹೋಗುವ ವಸ್ತುವೇನೂ ಇಲ್ಲ. ಅದಕ್ಕೆ ನಿಮ್ಮಲ್ಲೂ ಒಂದು ಮರುಪ್ರಶ್ನೆ ಇರಲಿ. ಶಿರಸಿಗೆ ಕೊನೆಯ ಬಸ್ಸು ಎಷ್ಟಕ್ಕೆಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ.