ಸೆಮೆನ್ ಬದಲಾಯಿಸುವ ಮೊದಲು ಸೊಪ್ಪು ನೋಡಿ

ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ತಿನ್ನೋ ಹಸು ಹಾಲೇನೋ ಕೊಡುತ್ತೆ, ಗಬ್ಬ ನಿಲ್ತಿಲ್ಲ, ಯಾವ ಸೆಮೆನ್ ಹಾಕಿಸಲಿ ಅಂತ ಕೇಳಿದ್ದೀರ. ಸೆಮೆನ್ ಮಾತು ಬಿಡಿ ಸ್ವಾಮಿ, ನಾನೂ ಅದರ ಹಿಂದೆ ಬಿದ್ದೇ ದುಡ್ಡು ಕಳೆದೆ.

ನನ್ನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸುಗಳ ಬೆದೆಗೆ ಲೆಕ್ಕವೇ ಇರಲಿಲ್ಲ. 21 ದಿನಕ್ಕೆ ಬರಬೇಕಾದದ್ದು ನಡುವೆಯೇ ಕೂಗೋದು, ಲೋಳೆ ಸುರಿಸೋದು. ಇಂಜೆಕ್ಷನ್ ಹಾಕೋ ಹುಡುಗನನ್ನ ಬೈದೆ, ಸೆಮೆನ್ ಕಂಪನಿ ಬದಲಾಯಿಸಿದೆ. ಒಂದು ಒಳ್ಳೇ ಹಸುವನ್ನ ಗೊಡ್ಡು ಅಂತ ಸಂತೆಗೂ ಹೊಡೆದೆ. ಆಮೇಲೆ ನೋಡಿದರೆ ಇನ್ನೂ ಬೆದೆಯನ್ನೇ ಕಟ್ಟಿಸದ ಕಡಸೊಂದು ಕೆಚ್ಚಲು ಬಿಟ್ಟಿದೆ! ಮೊಲೆ ಹಿಂಡಿದರೆ ನೀರು ನೀರಾದ ಹಾಲು. ಡಾಕ್ಟರು ಹಸುಗಳಿಗೆ ಕೈ ಹಾಕಿ ನೋಡಿ, ಅಂಡಾಶಯದಲ್ಲಿ ನೀರುಗುಳ್ಳೆ ಇದೆ ಅಂದವರೇ ಗೋದಲಿಯಿಂದ ಸೊಪ್ಪು ಎತ್ತಿ ಬೆಳಕಿಗೆ ಹಿಡಿದರು. ಎಲೆ ತುಂಬ ಕಂದು ಚುಕ್ಕೆ.

ಆ ಚುಕ್ಕೆ ನನಗೆ ಮೊದಲೇ ಗೊತ್ತಿತ್ತು. ಹಿಂಡಿ ರೇಟು ಏರಿದೆ, ಬೆಳೆದದ್ದನ್ನ ಯಾಕೆ ಬಿಸಾಡೋದು ಅಂತ ಜೋಳದ ಮೇವು ಕಮ್ಮಿ ಮಾಡಿ ಎರಡೂ ಹೊತ್ತು ಅದನ್ನೇ ತುಂಬಿದ್ದೆ. ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ಥರ ನಟಿಸೋ ಕೌಮೆಸ್ಟ್ರಾಲ್ ಅನ್ನೋ ವಸ್ತು ಹಸನಾದ ಕುದುರೆ ಮಸಾಲೆಯಲ್ಲಿ ಕಮ್ಮಿ; ಶಿಲೀಂಧ್ರ ಬಿದ್ದರೆ, ಸಸ್ಯಹೇನು ಹತ್ತಿದರೆ ವಿಪರೀತ ಏರುತ್ತೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಅದು ಗರ್ಭಕೋಶದಲ್ಲಿ ಈಸ್ಟ್ರೋಜನ್ ಕೂರಬೇಕಾದ ರಿಸೆಪ್ಟರಿಗೆ ಹೋಗಿ ಕೂರುತ್ತೆ. ಗರ್ಭಕೋಶ, ಕೆಚ್ಚಲು ಎರಡೂ ಮೋಸಹೋಗುತ್ತವೆ. ಮೆದುಳಿಗೂ ಸುಳ್ಳು ಸುದ್ದಿ ಮುಟ್ಟಿ, ಸರಿಯಾದ ಹೊತ್ತಿಗೆ ಎಲ್‌ಎಚ್ ಹಾರ್ಮೋನ್ ಉಕ್ಕದೆ ಹೋದರೆ ಅಂಡ ಬಿಡುಗಡೆಯಾಗಲ್ಲ, ಅಲ್ಲೇ ಗುಳ್ಳೆ ಕಟ್ಟುತ್ತೆ. ಅಂಥ ಹಸುವಿಗೆ ಯಾವ ಸೆಮೆನ್ ಹಾಕಿಸಿ ಏನು ಬಂತು?

1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕುರಿಗಳಿಗೆ ಇದಕ್ಕಿಂತ ಕೆಟ್ಟದ್ದಾಯ್ತು. ಅವು ಮೇಯ್ದ ಸಬ್‌ಟೆರೇನಿಯನ್ ಕ್ಲೋವರ್ ಅನ್ನೋ ಮೇವಿನ ಗಿಡದಲ್ಲಿದ್ದ ಫಾರ್ಮೊನೊನೆಟಿನ್ ಅನ್ನೋ ವಸ್ತು ಹೊಟ್ಟೆಯ ಸೂಕ್ಷ್ಮಜೀವಿಗಳಿಂದ ಈಸ್ಟ್ರೋಜನ್ ಥರದ್ದೇ ಈಕ್ವಾಲ್ ಆಗಿ, ಎಷ್ಟೋ ಕುರಿಗಳು ಕಾಯಂ ಬಂಜೆಯಾದವು. ಪುಣ್ಯಕ್ಕೆ ಹಸು ಅಷ್ಟು ಸೂಕ್ಷ್ಮ ಅಲ್ಲ, ಮೇವು ಬದಲಿಸಿದರೆ ಸಾಮಾನ್ಯವಾಗಿ ಹದಕ್ಕೆ ಬರುತ್ತೆ. ನನ್ನವೂ ಬಂದವು, ಮಾರಿದ್ದೊಂದು ಬಿಟ್ಟು.

ಚುಕ್ಕೆ ಇದ್ದರೆ ಹಾಲು ಇಳಿದರೂ ಇಳೀಲಿ, ಇವತ್ತೇ ಆ ಸೊಪ್ಪು ನಿಲ್ಲಿಸಿ. ಎಲೆ ಹಸನಾಗಿದ್ದರೆ ಗರ್ಭಕೋಶದ ಸೋಂಕಿದೆಯಾ ಅಂತ ಡಾಕ್ಟರಿಗೆ ತೋರಿಸಿ, ಮಿನರಲ್ ಮಿಕ್ಸ್‌ಚರ್ ಕೊಡ್ತಿದ್ದೀರಾ ಅನ್ನೋದೂ ಹೇಳಿ. ಎಲೆಯ ಹಿಂಬದಿ ಕಾಣೋ ಹಾಗೆ ಒಂದು ಫೋಟೋ ಹಾಕಿ, ನೋಡ್ತೀನಿ.