24ರ ವಯಸ್ಸು, ಸಿಗರೇಟ್ ಚಟ, ಕಫದಲ್ಲಿ ರಕ್ತ: ಕಾರಣ ಏನಿರಬಹುದು?

ದಿನಕ್ಕೆ ಹತ್ತು ಸಿಗರೇಟ್, ಬೆಳಿಗ್ಗೆ ಕೆಮ್ಮಿದರೆ ಕಫದಲ್ಲಿ ಕೆಂಪು ಗೆರೆ, ಇದು ಕ್ಯಾನ್ಸರಾ ಅಂತ ಕೇಳಿದ್ದೀರಿ. ಈ ವಯಸ್ಸಿಗೆ ಕ್ಯಾನ್ಸರ್ ತೀರಾ ಅಪರೂಪ. ಹೆಚ್ಚಾಗಿ ಹೊಗೆಯಿಂದ ಕೆರಳಿದ ಶ್ವಾಸನಾಳಕ್ಕೆ ಸೋಂಕು ತಗುಲಿ, ಜೋರು ಕೆಮ್ಮಿಗೆ ಸಣ್ಣ ರಕ್ತನಾಳ ಒಡೆದಿರುತ್ತದೆ. ಆದರೆ ನಮ್ಮ ದೇಶದಲ್ಲಿ ಟಿಬಿ ಹೆಚ್ಚು, ಹಾಗಾಗಿ ನಿಮಗೆ ಅದು ಇಲ್ಲ ಅಂತ ಮೊದಲು ಖಚಿತ ಮಾಡಿಕೊಳ್ಳಬೇಕು. ಸಿಗರೇಟ್ ಸೇದುವವರಿಗೆ ಅದರ ಅಪಾಯವೂ ಜಾಸ್ತಿ. ಸಂಜೆ ಜ್ವರ, ರಾತ್ರಿ ಬೆವರು, ಪ್ಯಾಂಟ್ ಸಡಿಲವಾಗುವಷ್ಟು ತೂಕ ಇಳಿದಿದ್ದು ಇದೆಯಾ? ನ್ಯುಮೋನಿಯಾ ಕೂಡ ಇರಬಹುದು. ಕೆಲವೊಮ್ಮೆ ರಕ್ತ ಬರುವುದು ಒಸಡಿನಿಂದ, ಹೆದರಿಕೆ ಮಾತ್ರ ಎದೆಯದ್ದು!

ಎಕ್ಸ್‌ರೇ, ಕಫ ಪರೀಕ್ಷೆ ಎರಡನ್ನೂ ಬೇಗ ಮಾಡಿಸಿ. ಟಿಬಿಯ ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಸಿರಪ್ ಕುಡಿದು ಸುಮ್ನೆ ಕೂರಬೇಡಿ. ಚಮಚಗಟ್ಟಲೆ ರಕ್ತ ಬಂದರೆ, ಎದೆನೋವು ಅಥವಾ ಉಸಿರಾಟದ ತೊಂದರೆ ಆದರೆ ತಕ್ಷಣ 108ಕ್ಕೆ ಫೋನ್ ಮಾಡಿ.